ಎಕ್ಸ್‌ಪ್ಲೋರರ್ಸ್ ಆಫ್ ಸ್ಕೈ: ಒಳ್ಳೇ ಡಂಜನ್‌ಗಳನ್ನೆಲ್ಲ ಕತೆ ಮುಗಿದ ಮೇಲೆ ಯಾಕೆ ಇಟ್ಟರು?

ಬಸವನಗುಡಿ_ಬಿಡೂಫ್

ಪೋಕೆಮಾನ್ ಮಿಸ್ಟರಿ ಡಂಜನ್ ಅನ್ನುವ ವಿಡಿಯೊ ಗೇಮ್ ಸರಣಿಯ ಮಾತು ಬಂದಾಗಲೆಲ್ಲ ಎರಡೇ ಉತ್ತರ ಕೇಳಿಸುತ್ತದೆ. 'ಕತೆ ಸೂಪರ್, ಕಣ್ಣಲ್ಲಿ ನೀರು ಬಂತು' ಅಂತ ಕೆಲವರು. 'ಅದೇ ಕೋಣೆ, ಅದೇ ಓಣಿ, ಬೋರ್' ಅಂತ ಉಳಿದವರು. ಎರಡೂ ನಿಜ. ಆದರೆ ಒಂದೇ ಆಟದಲ್ಲಿ ಇವೆರಡೂ ಹೇಗೆ ನಿಜ ಆಗುತ್ತವೆ ಅಂತ ಯಾರೂ ಮಾತಾಡುವುದಿಲ್ಲ. ಅದಕ್ಕೇ ಈ ಪೋಸ್ಟ್. ಸ್ವಲ್ಪ ಉದ್ದ ಇದೆ, ಪುರುಸೊತ್ತಾಗಿ ಓದಿ.

ಆಡದೇ ಇರುವವರಿಗೆ ಮೊದಲು ಒಂದೆರಡು ಮಾತು. ಇದು ಮಾಮೂಲಿ ಪೋಕೆಮಾನ್ ಆಟ ಅಲ್ಲ. ಚೆಂಡು ಎಸೆದು ಹಿಡಿಯುವುದಿಲ್ಲ, ಜಿಮ್ ಇಲ್ಲ, ಸುತ್ತಮುತ್ತ ಮನುಷ್ಯರೇ ಇಲ್ಲ. ಮನುಷ್ಯರಾಗಿದ್ದ ನೀವು ಎಚ್ಚರವಾದಾಗ ಪೋಕೆಮಾನ್ ಆಗಿರುತ್ತೀರಿ. ಹಿಂದಿನದು ಏನೂ ನೆನಪಿರುವುದಿಲ್ಲ. ಜೊತೆಗೆ ಒಬ್ಬ ಗೆಳೆಯ ಪೋಕೆಮಾನ್ ಇರುತ್ತಾನೆ. ಆಟದ ಮೈಕಟ್ಟು ಚುನ್‌ಸಾಫ್ಟ್ ಅನ್ನುವ ಕಂಪನಿಯವರದು. 1993ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಟೊರ್ನೆಕೊ ಆಟ ತಂದು ಮಿಸ್ಟರಿ ಡಂಜನ್ ಸಾಲನ್ನು ಶುರು ಮಾಡಿದವರು ಅವರೇ. ಅದಕ್ಕೂ ಹಿಂದೆ ಹೋದರೆ 1980ರ ರೋಗ್ ಅನ್ನುವ ಕಂಪ್ಯೂಟರ್ ಆಟ ಸಿಗುತ್ತದೆ. ಪೋಕೆಮಾನ್ ಈ ಸಾಲಿಗೆ ಸೇರಿದ್ದು 2005ರಲ್ಲಿ. ನಿಂಟೆಂಡೊದ ಕೈಲಿ ಹಿಡಿದು ಆಡುವ ಯಂತ್ರಗಳಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ರೆಡ್ ರೆಸ್ಕ್ಯೂ ಟೀಮ್ ಬಂತು, ಡಿಎಸ್‌ಗೆ ಬ್ಲೂ ಬಂತು. ಆಮೇಲೆ 2007ರಲ್ಲಿ ಎಕ್ಸ್‌ಪ್ಲೋರರ್ಸ್ ಆಫ್ ಟೈಮ್ ಮತ್ತು ಡಾರ್ಕ್‌ನೆಸ್. 2009ರಲ್ಲಿ ಅವೆರಡರ ಕತೆಯನ್ನೇ ಇಟ್ಟುಕೊಂಡು ಇನ್ನಷ್ಟು ತುಂಬಿಸಿ ತಂದದ್ದು ಎಕ್ಸ್‌ಪ್ಲೋರರ್ಸ್ ಆಫ್ ಸ್ಕೈ. ನಾನು ಮಾತಾಡುವುದು ಮುಖ್ಯವಾಗಿ ಇದರ ಬಗ್ಗೆ.

ಡಂಜನ್ ಅಂದರೆ ಮಹಡಿ ಮಹಡಿಯಾಗಿ ದಾರಿ ಹುಡುಕುತ್ತಾ ಹೋಗುವ ಜಾಗ. ಒಳಗೆ ನಿಯಮ ಸುಲಭ. ಚೌಕಗಳ ನೆಲ. ನೀವು ಒಂದು ಹೆಜ್ಜೆ ಇಟ್ಟರೆ ಎದುರಾಳಿಗಳೂ ಒಂದು ಹೆಜ್ಜೆ ಇಡುತ್ತಾರೆ. ನೀವು ನಿಂತು ಯೋಚಿಸಿದರೆ ಎಲ್ಲರೂ ನಿಂತಿರುತ್ತಾರೆ. ಪ್ರತಿ ಸಲ ಹೋದಾಗ ಮಹಡಿಯ ನಕ್ಷೆ ಬೇರೆ. ಮೆಟ್ಟಿಲು ಹುಡುಕಬೇಕು, ಮುಂದಿನ ಮಹಡಿಗೆ ಹೋಗಬೇಕು. ನಡೆಯುತ್ತಾ ಹೊಟ್ಟೆ ಹಸಿಯುತ್ತದೆ, ಆದ್ದರಿಂದ ಚೀಲದಲ್ಲಿ ಸೇಬು ಇರಬೇಕು. ಒಂದೇ ಮಹಡಿಯಲ್ಲಿ ತುಂಬ ಹೊತ್ತು ಸುತ್ತುತ್ತಿದ್ದರೆ ಗಾಳಿ ಬಂದು ಹೊರಗೆ ಎಸೆಯುತ್ತದೆ. ಸೋತರೆ ಕೈಲಿದ್ದ ದುಡ್ಡೆಲ್ಲ ಹೋಗುತ್ತದೆ, ಚೀಲದಲ್ಲಿದ್ದ ಸಾಮಾನೂ ಎಷ್ಟೋ ಹೋಗುತ್ತದೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಈ ನಿಯಮಗಳಿಗೆ ರುಚಿ ಬರುವುದು ಭಯ ಇದ್ದಾಗ. ಚೀಲದಲ್ಲಿ ಒಂದೇ ಸೇಬು, ಎದುರಿಗೆ ಎರಡು ದಾರಿ ಅಂದಾಗ ಪ್ರತಿ ಹೆಜ್ಜೆಗೂ ಬೆಲೆ ಬರುತ್ತದೆ. ಆದರೆ ಸ್ಕೈನ ಮುಖ್ಯ ಕತೆ 20 ಅಧ್ಯಾಯ ಇದೆ, ಅದರಲ್ಲಿ ಹೆಚ್ಚಿನ ಕಡೆ ಆ ಭಯ ಹತ್ತಿರವೂ ಸುಳಿಯುವುದಿಲ್ಲ. ಚೀಲ ತುಂಬ ಜೀವ ತುಂಬಿಸುವ ಒರಾನ್ ಬೆರ್ರಿ, ಸತ್ತರೆ ಎಬ್ಬಿಸುವ ರಿವೈವರ್ ಸೀಡ್ ನಾಲ್ಕೈದು, ಜೊತೆಗೆ ಕೋಣೆಯಲ್ಲಿ ಇರುವವರಿಗೆಲ್ಲ ಒಟ್ಟಿಗೆ ಬಡಿಯುವ ಒಂದು ಮೂವ್, ಅಂದರೆ ದಾಳಿ. ಅಷ್ಟಿದ್ದರೆ ಸುಮ್ನೆ ಮೆಟ್ಟಿಲು ಹುಡುಕಿಕೊಂಡು ಹೋಗುವುದೇ ಕೆಲಸ. ಹಾಗೆ ಆಡಿದವರಿಗೆ ಬೋರ್ ಆಗದೆ ಇನ್ನೇನು?

ನಿಜವಾದ ಡಂಜನ್ ಆಟ ಇರುವುದು ಕತೆ ಮುಗಿದ ಮೇಲೆ. ಡೆಸ್ಟಿನಿ ಟವರ್ ತೆಗೆದುಕೊಳ್ಳಿ. 99 ಮಹಡಿ. ಒಳಗೆ ಕಾಲಿಟ್ಟ ಕೂಡಲೇ ನಿಮ್ಮ ಲೆವೆಲ್ 1. ಸಾಮಾನು ಒಯ್ಯುವ ಹಾಗಿಲ್ಲ, ದುಡ್ಡು ಇಲ್ಲ, ಗೆಳೆಯ ಇಲ್ಲ. ನೆಲದ ಮೇಲೆ ಸಿಕ್ಕಿದ್ದೇ ನಿಮ್ಮ ಆಸ್ತಿ. ಅಲ್ಲಿ ಮಾನ್ಸ್ಟರ್ ಹೌಸ್ ಸಿಕ್ಕಿದರೆ ಹೇಗಿರುತ್ತದೆ ನೋಡಿ. ಕೋಣೆ ತುಂಬ ಸಾಮಾನು ಬಿದ್ದಿದೆ. ಕಾಲಿಡುತ್ತೀರಿ. ಸಂಗೀತ ಬದಲಾಗುತ್ತದೆ, ಸುತ್ತ ಹತ್ತು ಹನ್ನೆರಡು ಎದುರಾಳಿಗಳು. ಕತೆಯ ಡಂಜನ್‌ನಲ್ಲಾದರೆ ಒಂದು ಮೂವ್ ಒತ್ತಿ ಮುಗಿಸುತ್ತಿದ್ದಿರಿ. ಇಲ್ಲಿ ಹಾಗಲ್ಲ. ಬಂದ ಓಣಿಗೇ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಆಗ ಅವು ಒಂದೊಂದಾಗಿ ಮಾತ್ರ ಎದುರಿಗೆ ಬರಲು ಸಾಧ್ಯ. ಹಿಂದಿನಿಂದ ಯಾರಾದರೂ ಬರುತ್ತಿದ್ದಾರಾ ನೋಡಬೇಕು. ಕೈಲಿರುವ, ನಿದ್ದೆ ಬರಿಸುವ ಒಂದೇ ಸ್ಲೀಪ್ ಸೀಡ್ ಅನ್ನು ಯಾರ ಮೇಲೆ ಎಸೆಯಬೇಕು ಅಂತ ತೀರ್ಮಾನ ಮಾಡಬೇಕು. ಅದೇ ನಿಯಮ, ಅದೇ ಚೌಕ. ಆದರೆ ಆಟವೇ ಬೇರೆ.

ಇಷ್ಟು ಒಳ್ಳೆಯದನ್ನು ಕೈಲಿಟ್ಟುಕೊಂಡು ಕತೆ ಮುಗಿಯುವ ತನಕ ಬಚ್ಚಿಟ್ಟದ್ದೇ ಈ ಆಟದ ದೊಡ್ಡ ದೋಷ ಅಂತ ನನ್ನ ಅಭಿಪ್ರಾಯ. ಬೋರ್ ಅಂದವರಲ್ಲಿ ಹೆಚ್ಚಿನವರು ಅಲ್ಲಿಯ ತನಕ ಬಂದೇ ಇರುವುದಿಲ್ಲ.

ಹಾಗಂತ ಕತೆ ಕಡಿಮೆ ಅಂತ ಹೇಳುತ್ತಿಲ್ಲ. ವಿಗ್ಲಿಟಫ್‌ನ ಗಿಲ್ಡ್‌ಗೆ, ಅಂದರೆ ಅನ್ವೇಷಕರ ಸಂಘಕ್ಕೆ, ಕೆಲಸಕ್ಕೆ ಸೇರುತ್ತೀರಿ. ಬೆಳಿಗ್ಗೆ ಲೌಡ್‌ರೆಡ್ ಕಿವಿ ಹರಿಯುವ ಹಾಗೆ ಕೂಗಿ ಎಬ್ಬಿಸುತ್ತಾನೆ. ಎಲ್ಲರೂ ಸಾಲಾಗಿ ನಿಂತು ಘೋಷಣೆ ಕೂಗಬೇಕು. ರಾತ್ರಿ ಒಟ್ಟಿಗೆ ಊಟ. ಮೊದಲ ಕೆಲಸ, ಸ್ಪೊಯಿಂಕ್ ಕಳೆದುಕೊಂಡ ಮುತ್ತನ್ನು ತಂದುಕೊಡುವುದು. ಇನಾಮು 2,000. ಖುಷಿಯಾಗಿ ನಿಂತಿರುತ್ತೀರಿ, ಚಾಟಾಟ್ ಬಂದು ಅದರಲ್ಲಿ 200 ನಿಮ್ಮ ಕೈಗೆ ಕೊಟ್ಟು ಉಳಿದದ್ದು ಗಿಲ್ಡ್‌ಗೆ ಅನ್ನುತ್ತಾನೆ. ಪಕ್ಕದಲ್ಲಿ ನಿಂತ ಗೆಳೆಯನ ಮುಖ ನೋಡಬೇಕು ಆಗ. ಇಂಥ ಸಣ್ಣ ಸಣ್ಣ ಜಾಗದಲ್ಲೇ ಈ ಆಟ ನಿಮ್ಮನ್ನು ಹಿಡಿದು ಕೂರಿಸುತ್ತದೆ. ಮುಂದಿನ ತಿರುವುಗಳನ್ನು ಇಲ್ಲಿ ಯಾರೂ ಹೇಳಬೇಡಿ ದಯವಿಟ್ಟು. ಗ್ರೋವೈಲ್ ಅನ್ನುವ ಪಾತ್ರದ ಬಗ್ಗೆ ಬರೆಯುವಾಗ ಎಚ್ಚರ.

ನಿಮ್ಮ ಅನುಭವ ಹೇಳಿ.

ರಾಜಾಜಿನಗರ_ರಯೋಲು

ಗುರು, ಒಳ್ಳೇ ಪೋಸ್ಟ್. ಆದರೆ ಭಯ ಇಲ್ಲದ್ದೇ ದೋಷ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಆಡುವುದು ಆಫೀಸಿಗೆ ಹೋಗುವಾಗ. ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರೋಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊ. ಸೀಟು ಸಿಕ್ಕಿದರೆ ಡಿಎಸ್ ತೆಗೆಯುತ್ತೇನೆ. ಆ ಹೊತ್ತಿಗೆ ನನಗೆ ಬೇಕಾದದ್ದು ಸಲೀಸಾದ ಆರೇಳು ಮಹಡಿ, ಒಂದು ಪುಟ್ಟ ಮಿಷನ್, ಮುಗಿಯಿತು. ಮಧ್ಯೆ ಸ್ಟೇಷನ್ ಬಂತಾ, ಮುಚ್ಚಳ ಮುಚ್ಚಿದರೆ ನಿದ್ದೆ ಹೋಗುತ್ತದೆ. ಹೆಜ್ಜೆಗೆ ಹೆಜ್ಜೆ ನಡೆಯುವ ಆಟ ಆದ್ದರಿಂದ ಎಲ್ಲಿ ಬಿಟ್ಟರೂ ನಷ್ಟ ಇಲ್ಲ. ಜನ ತಳ್ಳಿದರೂ, ಯಾರಾದರೂ ಮಾತಾಡಿಸಿದರೂ ಯಾರೂ ನನ್ನನ್ನು ಹೊಡೆದು ಹಾಕುವುದಿಲ್ಲ. ಕೈಲಿ ಹಿಡಿದು ಆಡುವ ಯಂತ್ರಕ್ಕೆ ಇದಕ್ಕಿಂತ ಹೊಂದುವ ಆಟ ನಾನು ನೋಡಿಲ್ಲ. ಇದು ನಿಮ್ಮ ಪೋಸ್ಟ್‌ನಲ್ಲಿ ಬರಲೇ ಇಲ್ಲ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಗೆಳೆಯ ಪೋಕೆಮಾನ್‌ಗಳ ಬುದ್ಧಿ! ನಾನು ಓಣಿಯಲ್ಲಿ ನಿಂತಿದ್ದರೆ ಅವು ಹಿಂದೆ ಸಾಲು ನಿಂತು ಏನೂ ಮಾಡುವುದಿಲ್ಲ. ಕೋಣೆಗೆ ಬಂದರೆ ಎಲ್ಲೋ ಮೂಲೆಯಲ್ಲಿ ಇದ್ದವನನ್ನು ಕೆಣಕಲು ಓಡುತ್ತವೆ. ಮುಖ್ಯ ಕತೆಯಲ್ಲಿ ಗೆಳೆಯ ಬಿದ್ದರೂ ಆಟ ಮುಗಿದ ಹಾಗೇ. ಅಂದರೆ ನನ್ನ ತಪ್ಪಿಲ್ಲದೆ ಸೋಲಬೇಕು. ಬೆಂಗಾವಲು ಮಿಷನ್ ಅಂತೂ ಇನ್ನೂ ಕಷ್ಟ. ಜೊತೆಗೆ ಬರುವ ಗಿರಾಕಿಗೆ ಜೀವ ಇರುವುದೇ ಇಷ್ಟು, ಅವನು ಹೋಗಿ ನಿಲ್ಲುವುದು ಬೆಂಕಿ ಉಗುಳುವವನ ಮುಂದೆ.

ಒಂದನೇ_ಲೆವೆಲ್

ರಯೋಲು, ಗೆಳೆಯನ ಬುದ್ಧಿ ಬಗ್ಗೆ ಒಂದು ಮಾತು. ಅದನ್ನು ಬೆಳೆಸಲು ಆಟದಲ್ಲೇ ದಾರಿ ಇದೆ, ಆಟವೇ ಅದನ್ನು ಸರಿಯಾಗಿ ಹೇಳುವುದಿಲ್ಲ. ಗಮ್ಮಿ ಅನ್ನುವ ತಿಂಡಿ ಸಿಗುತ್ತದಲ್ಲ, ಅದನ್ನು ತಿನ್ನಿಸಿದರೆ ಐಕ್ಯೂ ಏರುತ್ತದೆ. ಏರಿದಂತೆ ಹೊಸ ಹೊಸ ಗುಣ ತೆರೆದುಕೊಳ್ಳುತ್ತದೆ. ನೆಲದ ಬಲೆ ತುಳಿಯದೆ ನಡೆಯುವುದು, ಮಧ್ಯೆ ನಮ್ಮವರೇ ಇದ್ದರೆ ಗುರಿ ನೋಡಿ ಹೊಡೆಯುವುದು, ಹೀಗೆ. ಟ್ಯಾಕ್ಟಿಕ್ಸ್ ಅನ್ನುವ ಪಟ್ಟಿಗೆ ಹೋಗಿ 'ಜೊತೆಯಲ್ಲೇ ಇರು' ಅಂತಲೋ 'ಎದುರಾಳಿ ಹಿಂದೆ ಹೋಗು' ಅಂತಲೋ ಇಡಬಹುದು. ಎಲ್ಲ ಮಾಡಿದ ಮೇಲೂ ದಡ್ಡತನ ಪೂರ್ತಿ ಹೋಗುವುದಿಲ್ಲ, ಅದು ನಿಜ. ಆದರೆ ಅರ್ಧ ಸಿಟ್ಟು ಕಡಿಮೆ ಆಗುತ್ತದೆ.

ಇನ್ನು ಮೂಲ ಪೋಸ್ಟ್ ಬಗ್ಗೆ. ಡೆಸ್ಟಿನಿ ಟವರ್ ಹೊಗಳಿದ್ದಕ್ಕೆ ಖುಷಿ ಆಯಿತು, ನಾನು ಈ ಸರಣಿಯಲ್ಲಿ ಉಳಿದಿರುವುದೇ ಅಂಥ ಜಾಗಗಳಿಗೆ. ರೆಡ್ ಮತ್ತು ಬ್ಲೂನಲ್ಲಿ ಪ್ಯೂರಿಟಿ ಫಾರೆಸ್ಟ್ ಕೂಡ ಹಾಗೇ. ಅಲ್ಲೂ 99 ಮಹಡಿ, ಅಲ್ಲೂ ಲೆವೆಲ್ 1, ಕೊನೆಯಲ್ಲಿ ಸೆಲೆಬಿ ಅನ್ನುವ ಪೋಕೆಮಾನ್. ಆದರೆ ಅಂಥದ್ದನ್ನು ಮೊದಲೇ ಇಡಬೇಕಿತ್ತು ಅನ್ನುವುದು ಸರಿಯಲ್ಲ. ಕೆಕ್ಲಿಯಾನ್ ಅಂಗಡಿಯನ್ನು ನೋಡಿ. ಡಂಜನ್ ಮಧ್ಯೆ ಜಮಖಾನ ಹಾಸಿ ಸಾಮಾನು ಇಟ್ಟಿರುತ್ತಾನೆ. ದುಡ್ಡು ಕೊಡದೆ ಎತ್ತಿಕೊಂಡು ಜಮಖಾನ ದಾಟಿದರೆ 'ಕಳ್ಳ!' ಅನ್ನುತ್ತಾರೆ, ಮಹಡಿ ತುಂಬ ಕೆಕ್ಲಿಯಾನ್‌ಗಳು ಬಂದು ಮುತ್ತುತ್ತವೆ. ಅವುಗಳ ಏಟು ಎಷ್ಟಿರುತ್ತದೆ ಅಂತ ತಿಂದವರಿಗೇ ಗೊತ್ತು. ಕದಿಯುವುದು ಹೇಗೆ, ಯಾವಾಗ ಕದಿಯಬೇಕು, ಕದ್ದ ಮೇಲೆ ಮೆಟ್ಟಿಲಿಗೆ ಯಾವ ದಾರಿ ಅನ್ನುವುದೆಲ್ಲ ಸುಲಭ ಡಂಜನ್‌ನಲ್ಲಿ ಸುಮ್ನೆ ಆಡಿ ಆಡಿಯೇ ಬರುವುದು. ಅದು ಬರದೆ ಡೆಸ್ಟಿನಿ ಟವರ್‌ಗೆ ಹೋದರೆ ಎಂಟನೇ ಮಹಡಿಯಲ್ಲಿ ಮುಗಿಯುತ್ತದೆ. ಕಲಿಯಲು ಜಾಗ ಬೇಕಲ್ವಾ?

ಬಸವನಗುಡಿ_ಬಿಡೂಫ್

ಕಲಿಯಲು ಜಾಗ ಬೇಕು, ಒಪ್ಪಿದೆ. ಆದರೆ 20 ಅಧ್ಯಾಯ ಪೂರ್ತಿ ಕಲಿಯುತ್ತಲೇ ಇರಬೇಕಾ? ಜೊತೆಗೆ ಕತೆಯ ಡಂಜನ್ ಏನು ಕಲಿಸುತ್ತದೆ ನೋಡಿ. ಸಂಜೆ ಹೊತ್ತು ಸಮುದ್ರದ ದಂಡೆ, ಏಡಿಗಳು ಗುಳ್ಳೆ ಬಿಡುತ್ತಿರುತ್ತವೆ. ಅಲ್ಲಿ ಕೋಫಿಂಗ್, ಝೂಬ್ಯಾಟ್ ಬಂದು ಗೆಳೆಯನ ಕಲ್ಲು ಕದ್ದು ಬೀಚ್ ಕೇವ್‌ಗೆ ಓಡುತ್ತಾರೆ. ಎಷ್ಟು ಚೆನ್ನಾದ ಶುರು! ಒಳಗೆ ಹೋದರೆ ಎದುರಾಳಿಗೆ ತಾಗಿ ನಿಂತು ಬಟನ್ ಒತ್ತಿದರೆ ಸಾಕು. ಕೊನೆಕೊನೆಯ ಡಂಜನ್‌ಗಳಲ್ಲೂ ಹೆಚ್ಚಿನ ಹೊತ್ತು ಅದೇ ಮಾಡುತ್ತೇವೆ. ಸೀಡ್ ಎಸೆಯುವುದು, ಓಣಿ ಹಿಡಿಯುವುದು, ಯಾವುದೂ ಬೇಕೇ ಆಗುವುದಿಲ್ಲ. ಬಾಸ್, ಅಂದರೆ ಕೊನೆಯ ದೊಡ್ಡ ಎದುರಾಳಿ, ಮುಂದೆ ಬಂದಾಗ ಮಾತ್ರ ಇದ್ದಕ್ಕಿದ್ದ ಹಾಗೆ ಎಲ್ಲವೂ ಬೇಕು.

ಒಂದನೇ_ಲೆವೆಲ್

ಬಾಸ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಮುಖ್ಯ ಕತೆಯ ಕೊನೆಯ ಡಂಜನ್ ಆದ ಟೆಂಪೊರಲ್ ಟವರ್ ತುದಿಯಲ್ಲಿ ಎಷ್ಟೋ ಜನ ಆಟ ಬಿಟ್ಟಿದ್ದಾರೆ. ಅಲ್ಲಿಯ ತನಕ ಸಲೀಸಾಗಿ ಬಂದು, ಅಲ್ಲಿ ಗೋಡೆಗೆ ಹಾಯ್ದ ಹಾಗೆ.

ಪಿಕಾ_ಅಮ್ಮ

ನಮಸ್ಕಾರ ಎಲ್ಲರಿಗೂ. ನಾನು ಗೇಮ್ ಆಡುವವಳಲ್ಲ, ಮಗಳಿಂದ ಇಲ್ಲಿಗೆ ಬಂದೆ. ಮೂರನೇ ಕ್ಲಾಸ್. ನನ್ನ ತಮ್ಮ ಅವನ ಹಳೇ ಡಿಎಸ್, ಈ ಸ್ಕೈ ಆಟ ಎರಡನ್ನೂ ಕೊಟ್ಟು ಹೋದ. ಆಟದಲ್ಲಿ ಓದುವುದು ತುಂಬ ಜಾಸ್ತಿ, ಎಲ್ಲ ಇಂಗ್ಲಿಷ್. ಅವಳಿಗೆ ಅಷ್ಟು ಉದ್ದ ಓದಲು ಇನ್ನೂ ಆಗುವುದಿಲ್ಲ. ಅದಕ್ಕೆ ರಾತ್ರಿ ಊಟ ಆದ ಮೇಲೆ ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ, ಅವಳು ಬಟನ್ ಒತ್ತುತ್ತಾಳೆ. ಬಟನ್ ಒತ್ತುವ ತನಕ ಮಾತು ಮುಂದೆ ಹೋಗುವುದಿಲ್ಲವಾದ್ದರಿಂದ ನನಗೆ ಆರಾಮ.

ನೀವೆಲ್ಲ ಡಂಜನ್ ಸುಲಭ, ಭಯ ಇಲ್ಲ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಹಾಗಿಲ್ಲ. ಗೆಳೆಯನಿಗೆ ಜೀವ ಸ್ವಲ್ಪ ಇಳಿದರೂ ಮಗಳು ಉಸಿರು ಬಿಗಿಹಿಡಿಯುತ್ತಾಳೆ. ಅವಳ ಹತ್ತಿರ ಇದ್ದ ಒಂದೇ ಒರಾನ್ ಬೆರ್ರಿಯನ್ನು ಅದಕ್ಕೆ ಕೊಟ್ಟು, ತಾನು ಮುಂದೆ ಹೋಗಿ ಎದುರಾಳಿಗೆ ಅಡ್ಡ ನಿಂತಳು. 'ಅಮ್ಮ, ನಾನು ಬಿದ್ದರೆ ಪರವಾಗಿಲ್ಲ, ಅವನು ಬೀಳಬಾರದು' ಅಂದಳು. ಯಾರು ಬಿದ್ದರೂ ಸೋಲೇ ಅಂತ ನಾನು ಹೇಳಿದೆ, ಕೇಳಲಿಲ್ಲ. ಮಕ್ಕಳಿಗೆ ಇಷ್ಟೇ ಕಷ್ಟ ಸಾಕು ಅನಿಸುತ್ತದೆ. ಇದು ಮಕ್ಕಳ ಆಟ ತಾನೇ?

ಒಂದು ಪ್ರಶ್ನೆ. ಕತೆ ಮುಂದೆ ತುಂಬ ದುಃಖದ್ದು ಅಂತ ತಮ್ಮ ಹೇಳಿದ. ಎಂಟು ವರ್ಷದ ಮಗುವಿಗೆ ಪರವಾಗಿಲ್ಲವಾ?

ಬಸವನಗುಡಿ_ಬಿಡೂಫ್

ಅಕ್ಕ, ನಿಮ್ಮ ಮಗಳು ಆಡುವ ರೀತಿ ಓದಿ ತುಂಬ ಖುಷಿಯಾಯಿತು. ಒರಾನ್ ಬೆರ್ರಿ ತುಂಬಿದ ಚೀಲ ಅಂತ ನಾನು ಬರೆದದ್ದು ಈ ಆಟದಲ್ಲಿ ಪಳಗಿದವರ ಮಾತು, ಮಕ್ಕಳಿಗೆ ಅದು ಹೊಂದುವುದಿಲ್ಲ. ಅದನ್ನು ಸೇರಿಸಿಕೊಂಡೇ ಮುಂದೆ ಮಾತಾಡೋಣ.

ದುಃಖದ ಜಾಗಗಳಿವೆ. ಕತೆಯ ಮಧ್ಯದಲ್ಲಿ ಸ್ವಲ್ಪ ಕತ್ತಲೆಯ, ಹೆದರಿಸುವ ಭಾಗ ಬರುತ್ತದೆ. ಕೊನೆಯಲ್ಲಿ ಅಗಲಿಕೆ. ಆದರೆ ರಕ್ತ, ಕ್ರೌರ್ಯ ಏನೂ ಇಲ್ಲ. ಹೆಸರುಗಳು ತೆರೆಯ ಮೇಲೆ ಓಡಿ ಮುಗಿದ ಮೇಲೂ ಆಟ ಬಂದ್ ಮಾಡಬೇಡಿ, ಅಲ್ಲಿಂದ ಮುಂದೆಯೂ ಕತೆ ಇದೆ ಅಂತ ಮಾತ್ರ ಹೇಳುತ್ತೇನೆ. ನೀವು ಪಕ್ಕದಲ್ಲಿ ಕೂತು ಓದುತ್ತಿದ್ದೀರಲ್ಲ, ಏನೂ ಆಗುವುದಿಲ್ಲ.

ರಾಜಾಜಿನಗರ_ರಯೋಲು

ಅಕ್ಕನ ಮಾತಿಗೆ ನನ್ನದೂ ಸೇರಿಸಿಕೊಳ್ಳಿ. ಆ ಕಾಲದಲ್ಲಿ ವಿಮರ್ಶಕರು ಟೈಮ್, ಡಾರ್ಕ್‌ನೆಸ್, ಸ್ಕೈ ಮೂರಕ್ಕೂ ಹೆಚ್ಚುಕಡಿಮೆ 100ಕ್ಕೆ 50ರಿಂದ 60ರ ಮಟ್ಟದ ಅಂಕ ಕೊಟ್ಟು ಬಿಟ್ಟರು. ಚಿತ್ರ ಹಳೇದು, ಡಂಜನ್ ಒಂದೇ ತರ ಅಂತ. ಆಡಿದ ಮಕ್ಕಳು ಮಾತ್ರ ದೊಡ್ಡವರಾದ ಮೇಲೂ ಇದನ್ನೇ ನೆನೆಸುತ್ತಾರೆ. ನಾನೂ ಅವರಲ್ಲಿ ಒಬ್ಬ. ಗಿಲ್ಡ್‌ನಲ್ಲಿರುವ ಬಿಡೂಫ್ ಅನ್ನುವ ಪೋಕೆಮಾನ್‌ಗೆ ಮೊದಲ ಸಲ ತನಗಿಂತ ಕಿರಿಯರು ಸಿಕ್ಕಿದಾಗ ಗಂಟಲು ಕಟ್ಟಿ ಮಾತೇ ಬರುವುದಿಲ್ಲವಲ್ಲ, ಆ ಜಾಗಕ್ಕೆ ಅಂಕ ಕೊಡುವುದು ಹೇಗೆ?

ಸಂಗೀತದ ಹೆಸರನ್ನೇ ಯಾರೂ ಎತ್ತಿಲ್ಲ. ಅರಾಟಾ ಇಯೋಶಿ ಮತ್ತು ಜೊತೆಯವರು ಡಿಎಸ್‌ನ ಪುಟ್ಟ ಸ್ಪೀಕರ್‌ನಿಂದ ಅಷ್ಟನ್ನು ಹೊರಡಿಸಿದ್ದಾರೆ. ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿಕೊಂಡೇ ಆಡಿ.

ಕಾಜಾಣ

ಎಲ್ಲರೂ ಸ್ಕೈ ಅಂತಿದ್ದೀರಿ. ಆದರೆ ಇವತ್ತು ಹೊಸದಾಗಿ ಶುರು ಮಾಡುವವರಿಗೆ ಕೈಗೆ ಸಿಗುವುದು ನಿಂಟೆಂಡೊ ಸ್ವಿಚ್ ಯಂತ್ರದ ರೆಸ್ಕ್ಯೂ ಟೀಮ್ ಡಿಎಕ್ಸ್. 2020ರ ಮಾರ್ಚ್‌ನಲ್ಲಿ ಬಂತು. ರೆಡ್, ಬ್ಲೂ ಕತೆಯನ್ನೇ ಹೊಸದಾಗಿ ಕಟ್ಟಿದ್ದಾರೆ. ನೀರುಬಣ್ಣದಲ್ಲಿ ಬಿಡಿಸಿದ ಪುಸ್ತಕ ನೋಡಿದ ಹಾಗಿದೆ ಕಣ್ಣಿಗೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಸೇರಿಸಿಕೊಂಡು ಡಂಜನ್ ಒಳಗೆ ಎಂಟು ಜನರ ತನಕ ಗುಂಪು ಕಟ್ಟಬಹುದು.

ಆದರೆ ಅದರಲ್ಲಿ ನನಗೆ ಸಂಕಟ ಆಗುವ ಒಂದು ವಿಷಯ ಇದೆ. ಆಟೊ ಮೋಡ್. ಒಂದು ಬಟನ್ ಒತ್ತಿದರೆ ನಿಮ್ಮ ಪೋಕೆಮಾನ್ ತಾನೇ ನಡೆದು ಸಾಮಾನು ಎತ್ತಿಕೊಂಡು ಮೆಟ್ಟಿಲು ಹುಡುಕುತ್ತದೆ. ಎದುರಾಳಿ ಬಂದಾಗ ಮಾತ್ರ ನಿಮಗೆ ಕೆಲಸ. ಡಂಜನ್ ಬೋರ್ ಅನ್ನುವ ದೂರಿಗೆ ಅವರು ಕೊಟ್ಟ ಉತ್ತರ ಇದು! ನಡೆಯುವುದು ಬೇಜಾರಾದರೆ ನಡೆಯುವುದನ್ನೇ ತೆಗೆದುಬಿಟ್ಟರು. ನಡೆಯುವುದನ್ನು ಚೆನ್ನಾಗಿ ಮಾಡಬೇಕಿತ್ತು. ಬಸವನಗುಡಿ ಹೇಳಿದ ದೋಷ 2005ರಿಂದ 2020ರ ತನಕ ಹಾಗೇ ಉಳಿದಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಸರಿ ಮಾಡಿದವರು ಯಾರೂ ಇಲ್ಲವಾ ಅಂದರೆ, ಇದ್ದಾರೆ. ಸ್ಕೈ ಮಾಡಿದವರೇ! ಅದರ ಸ್ಪೆಷಲ್ ಎಪಿಸೋಡ್‌ಗಳು. ಒಟ್ಟು ಐದು. ಕತೆ ಮುಂದೆ ಹೋದಂತೆ ಒಂದೊಂದಾಗಿ ತೆರೆಯುತ್ತವೆ. ನೀವು ಬಿಡೂಫ್ ಆಗಿ ಆಡುತ್ತೀರಿ, ಇಗ್ಲಿಬಫ್ ಆಗಿ ಆಡುತ್ತೀರಿ, ಸನ್‌ಫ್ಲೋರಾ ಆಗಿ ಆಡುತ್ತೀರಿ. ಮುಖ್ಯ ಕತೆಯಲ್ಲಿ ಕೂಡಿಟ್ಟ ಸಾಮಾನು ಇಲ್ಲಿಗೆ ಬರುವುದಿಲ್ಲ. ಯಾರಾಗಿ ಆಡುತ್ತೀರೋ ಅವರ ಶಕ್ತಿ ಎಷ್ಟೋ ಅಷ್ಟೇ. ಇಗ್ಲಿಬಫ್ ಕತೆ ಆಡಿದವರು ಹೇಳಿ, ಎಷ್ಟು ಕಷ್ಟ! ಅವನು ಪುಟ್ಟ ಮಗು. ಎರಡು ಏಟು ಬಿದ್ದರೆ ಮುಗಿಯಿತು. ಜೊತೆಗಾರ ಆರ್ಮಾಲ್ಡೊ ಹಿಂದೆ ಬಚ್ಚಿಟ್ಟುಕೊಂಡು ನಡೆಯಬೇಕು. ಕತೆಯಲ್ಲೂ ಅವನು ಆರ್ಮಾಲ್ಡೊನನ್ನೇ ನಂಬಿ ಹೊರಟವನು. ಡಂಜನ್‌ನಲ್ಲೂ ಅದೇ. ಕತೆ ಬೇರೆ, ಡಂಜನ್ ಬೇರೆ ಅನಿಸುವುದೇ ಇಲ್ಲ.

ಒಂದನೇ_ಲೆವೆಲ್

ಕಾಜಾಣ, ಇದು ನನಗೆ ಹೊಳೆದಿರಲಿಲ್ಲ. ನಿಜ. ಡೆಸ್ಟಿನಿ ಟವರ್‌ನಲ್ಲಿ ಭಯ ಇದೆ, ಕತೆ ಇಲ್ಲ. ಮುಖ್ಯ ದಾರಿಯಲ್ಲಿ ಕತೆ ಇದೆ, ಭಯ ಇಲ್ಲ. ಸ್ಪೆಷಲ್ ಎಪಿಸೋಡ್‌ನಲ್ಲಿ ಎರಡೂ ಇವೆ. ಚೀಲ ಕಿತ್ತುಕೊಂಡರೆ ಸಾಕು, ಉಳಿದದ್ದು ತಾನೇ ಸರಿಹೋಗುತ್ತದೆ ಅನ್ನುವುದಕ್ಕೆ ಇದೇ ಪುರಾವೆ.

2015ರ ಸೂಪರ್ ಮಿಸ್ಟರಿ ಡಂಜನ್ ಕೂಡ ಈ ಕಡೆ ಒಂದು ಹೆಜ್ಜೆ ಇಟ್ಟಿತ್ತು. 3ಡಿಎಸ್ ಆಟ, ಅಲ್ಲಿಯ ತನಕ ಇದ್ದ 720 ಪೋಕೆಮಾನ್‌ಗಳೂ ಅದರಲ್ಲಿವೆ. ಬರಿಗೈ ಏಟಿನ ಶಕ್ತಿ ತುಂಬ ಇಳಿಸಿದರು, ಸುಮ್ನೆ ತಾಗಿ ನಿಂತು ಬಟನ್ ಒತ್ತಿದರೆ ಆಗುವುದಿಲ್ಲ. ಶುರುವಿನಿಂದಲೇ ಯೋಚಿಸಬೇಕು. ಅದರ ತೊಂದರೆ ಬೇರೆ. ಶಾಲೆಯ ಭಾಗ ಎಳೆದು ಎಳೆದು ಸಾಕಾಗುತ್ತದೆ.

ಬಸವನಗುಡಿ_ಬಿಡೂಫ್

ಹೌದು. ಕಾಜಾಣ ಹೇಳಿದ್ದು ನನ್ನ ವಾದವನ್ನು ಗಟ್ಟಿ ಮಾಡಿತು. ನನ್ನ ಹೆಸರೇ ಬಿಡೂಫ್, ಅವನ ಎಪಿಸೋಡ್ ಅಂದರೆ ನನಗೆ ಪ್ರಾಣ. ಗಿಲ್ಡ್‌ನಲ್ಲಿ ಎಲ್ಲರಿಗಿಂತ ಸೋಲುವವನು ಅವನು. ಅವನಾಗಿ ಆಡುವಾಗ ಡಂಜನ್ ಕೂಡ ಅಷ್ಟೇ ಕಷ್ಟ ಕೊಡುತ್ತದೆ. ಅವನ ಪಾಡು ಏನು ಅಂತ ಸಂಭಾಷಣೆ ಓದದೆಯೇ ಕೈಗೆ ತಿಳಿಯುತ್ತದೆ.

ಇದೇ ಸರಣಿಯ ಗೇಟ್ಸ್ ಟು ಇನ್ಫಿನಿಟಿ ಬಗ್ಗೆ ಯಾರಾದರೂ ಎರಡು ಮಾತು ಬರೆಯಿರಿ, ನಾನು ಪೂರ್ತಿ ಆಡಿಲ್ಲ.

ರಾಜಾಜಿನಗರ_ರಯೋಲು

ನಾನು ಆಡಿದ್ದೇನೆ. 2012ರಲ್ಲಿ ಜಪಾನಿನಲ್ಲಿ ಬಂದದ್ದು. ಶುರುವಿನಲ್ಲಿ ಆಯ್ಕೆ ಐದೇ: ಪಿಕಾಚು, ಓಶಾವಾಟ್, ಟೆಪಿಗ್, ಸ್ನೈವಿ, ಆಕ್ಸ್ಯೂ. ಪ್ರಶ್ನೆ ಕೇಳಿ ನಿಮ್ಮ ಸ್ವಭಾವಕ್ಕೆ ಹೊಂದುವ ಪೋಕೆಮಾನ್ ಹೇಳುವ ಆ ಚೆಂದದ ಭಾಗವೇ ಇಲ್ಲ. ಮಾತುಗಳು ಆಮೆಗತಿಯಲ್ಲಿ ತೆರೆಯ ಮೇಲೆ ಬರುತ್ತವೆ. ಒಳ್ಳೆಯದು ಅಂದರೆ ಕೆಮರಾದಲ್ಲಿ ದುಂಡಗಿನ ವಸ್ತು ತೋರಿಸಿದರೆ ಹೊಸ ಡಂಜನ್ ಬಾಗಿಲು ತೆರೆಯುವುದು. ದುಡ್ಡು ಕೊಟ್ಟು ಕೊಳ್ಳುವ ಡಂಜನ್‌ಗಳೂ ಇದ್ದವು. 2023ರ ಮಾರ್ಚ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಅಂಗಡಿ ಈಶಾಪ್ ಮುಚ್ಚಿದ ಮೇಲೆ ಅವು ಇನ್ನು ಕೊಳ್ಳಲು ಸಿಗುವುದಿಲ್ಲ. ಕತೆಯ ಗೆಳೆತನದ ಭಾಗ ಚೆನ್ನಾಗಿದೆ. ಬೇರೇನೂ ಹೇಳಲು ಇಲ್ಲ.

ಹಳೇ_ಕಾರ್ಟ್ರಿಜ್

ಓದಿ ಓದಿ ಸ್ಕೈ ಕೊಳ್ಳಲು ಹೊರಡುವವರಿಗೆ ಒಂದು ಎಚ್ಚರಿಕೆ. ನಾನು ಮೆಜೆಸ್ಟಿಕ್ ಹತ್ತಿರದ ಒಂದು ಅಂಗಡಿಯಲ್ಲಿ ತೆಗೆದುಕೊಂಡೆ. ಹೆಸರು ಬೇಡ. ಒರಿಜಿನಲ್ ಅಂತ ಬಾಯಿ ತುಂಬ ಹೇಳಿದರು. ಕತೆ ಅರ್ಧ ಆದ ಮೇಲೆ ಒಂದು ಬೆಳಿಗ್ಗೆ ತೆಗೆದರೆ ಆಡಿ ಉಳಿಸಿಟ್ಟ ಸೇವ್ ಮಾಯ. ಮತ್ತೆ ಸೇವ್ ಮಾಡಿದರೂ ನಿಲ್ಲಲಿಲ್ಲ. ನಕಲಿ ಕಾರ್ಟ್ರಿಜ್. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು.

ಅದಕ್ಕೇ ಹೇಳುತ್ತೇನೆ, ಕೊಳ್ಳುವ ಮೊದಲು ನೋಡಿ. ಅಸಲಿ ಡಿಎಸ್ ಕಾರ್ಟ್ರಿಜ್ ಲೇಬಲ್ ಮೇಲಿನ ಕೋಡ್ ಎನ್‌ಟಿಆರ್ ಅಂತ ಶುರುವಾಗುತ್ತದೆ, ಅಚ್ಚು ಸ್ಪಷ್ಟ ಇರುತ್ತದೆ. ನಕಲಿಯಲ್ಲಿ ಬಣ್ಣ ಮಂಕು, ಅಕ್ಷರ ಕಲಸಿರುತ್ತದೆ. ಅಂಗಡಿಯಲ್ಲೇ ಹಾಕಿ, ಆಡಿ, ಸೇವ್ ಮಾಡಿ, ಬಂದ್ ಮಾಡಿ, ಮತ್ತೆ ತೆಗೆದು ನೋಡಿ. ಬಿಡುವುದಿಲ್ಲ ಅಂದರೆ ಬೇಡ ಅಂತ ಎದ್ದು ಬನ್ನಿ.

ಯಂತ್ರದ ವಿಷಯ. ಡಿಎಸ್ ಆಟಗಳಿಗೆ ದೇಶದ ಬೀಗ ಇಲ್ಲ, ಅಮೆರಿಕದ್ದೋ ಯುರೋಪಿನದ್ದೋ ಯಾವುದಾದರೂ ನಡೆಯುತ್ತದೆ. ಜಪಾನಿನದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಪೂರ್ತಿ ಜಪಾನಿ ಭಾಷೆ, ಇಷ್ಟು ಓದುವ ಆಟಕ್ಕೆ ಅದು ಆಗದು. 3ಡಿಎಸ್‌ನಲ್ಲಿ ಡಿಎಸ್ ಕಾರ್ಟ್ರಿಜ್ ಆಡಬಹುದು, ಆದರೆ 3ಡಿಎಸ್ ಆಟಗಳಿಗೇ ದೇಶದ ಬೀಗ ಇದೆ. ರೆಡ್ ರೆಸ್ಕ್ಯೂ ಟೀಮ್ ಕಾರ್ಟ್ರಿಜ್ ಬೇಕಾದವರು ಡಿಎಸ್ ಲೈಟ್ ಹುಡುಕಿ, ಕೆಳಗಿನ ದೊಡ್ಡ ಸ್ಲಾಟ್‌ಗೆ ಹೊಂದುತ್ತದೆ. ಡಿಎಸ್‌ಐಯಲ್ಲಿ ಆ ಸ್ಲಾಟ್ ಇಲ್ಲ. ಡಿಎಸ್ ಲೈಟ್‌ನ ಕೀಲು ಬಿರುಕು ಬಿಟ್ಟಿರುವುದು ಮಾಮೂಲಿ, ಅದನ್ನೂ ನೋಡಿ ದರ ಮಾತಾಡಿ.

ಕಾಜಾಣ

ರೆಡ್ ಬೇಕಾದರೆ ಕಾರ್ಟ್ರಿಜ್ ಹುಡುಕಬೇಕಾಗಿಯೂ ಇಲ್ಲ. 2024ರ ಆಗಸ್ಟ್‌ನಲ್ಲಿ ಸ್ವಿಚ್ ಆನ್‌ಲೈನ್‌ನ ಎಕ್ಸ್‌ಪಾನ್ಷನ್ ಪ್ಯಾಕ್ ಅನ್ನುವ ಚಂದಾ ಸೇವೆಗೆ ಸೇರಿಸಿದರು. ಚಂದಾ ಜಾಸ್ತಿ ಅನ್ನುವುದು ಬೇರೆ ಮಾತು. ಅದರಲ್ಲಿ ಆಟವನ್ನು ಹಿಂದಕ್ಕೆ ತಿರುಗಿಸುವ ಸೌಕರ್ಯ ಇದೆ. ದಯವಿಟ್ಟು ಡಂಜನ್ ಒಳಗೆ ಅದನ್ನು ಬಳಸಬೇಡಿ. ತಪ್ಪಿದ ಹೆಜ್ಜೆಯನ್ನೆಲ್ಲ ಅಳಿಸಿಕೊಂಡು ಹೋದರೆ ಈ ಆಟದಲ್ಲಿ ಉಳಿಯುವುದು ಏನು?

ಒಂದನೇ_ಲೆವೆಲ್

ಅಳಿಸುವ ಬದಲು ಕರೆಯಿರಿ! ಈ ಸರಣಿಯ ಅತಿ ಒಳ್ಳೆಯ ಯೋಚನೆ ಅದೇ. ಡಂಜನ್‌ನಲ್ಲಿ ಬಿದ್ದರೆ ಸೋಲು ಒಪ್ಪಿಕೊಳ್ಳದೆ ಎಸ್‌ಒಎಸ್, ಅಂದರೆ ಸಹಾಯದ ಕರೆ, ಕಳಿಸಬಹುದು. ಅಕ್ಷರ, ಅಂಕಿ, ಚಿಹ್ನೆ ಸೇರಿದ ಉದ್ದನೆಯ ಪಾಸ್‌ವರ್ಡ್ ಬರುತ್ತದೆ. ಅದನ್ನು ಇನ್ನೊಬ್ಬರು ತಮ್ಮ ಆಟದಲ್ಲಿ ಹಾಕಿದರೆ ನೀವು ಬಿದ್ದ ಮಹಡಿಗೇ ಬಂದು ಎತ್ತಬೇಕು. ಎತ್ತಿದ ಮೇಲೆ ಅವರ ಕಡೆಯಿಂದ ಇನ್ನೊಂದು ಪಾಸ್‌ವರ್ಡ್. ಅದನ್ನು ನೀವು ಹಾಕಿದರೆ ಬಿದ್ದ ಜಾಗದಲ್ಲೇ ಎದ್ದು ನಿಲ್ಲುತ್ತೀರಿ, ಚೀಲದಲ್ಲಿದ್ದದ್ದು ಏನೂ ಹೋಗುವುದಿಲ್ಲ. ನಿಂಟೆಂಡೊದ ಹಳೇ ವೈಫೈ ಸೇವೆ 2014ರ ಮೇನಲ್ಲಿ ನಿಂತಿತು, ಆದರೆ ಪಾಸ್‌ವರ್ಡ್‌ಗೆ ಯಾವ ಸರ್ವರ್ ಬೇಕು? ಡೆಸ್ಟಿನಿ ಟವರ್ ಒಳಗೆ ಮಾತ್ರ ಇದು ನಡೆಯುವುದಿಲ್ಲ.

ಪಿಕಾ_ಅಮ್ಮ

ಅಯ್ಯೋ, ಇದು ಮೊದಲೇ ಗೊತ್ತಿದ್ದರೆ! ನಿನ್ನೆ ಬಿದ್ದು ಒಂಬತ್ತನೇ ಮಹಡಿಯಲ್ಲಿ ಇದ್ದದ್ದೆಲ್ಲ ಹೋಯಿತು ಅಂತ ಒಂದೇ ಅಳು. ಇಲ್ಲಿ ಯಾರಾದರೂ ಬಂದು ಎತ್ತುತ್ತೀರಾ ಮುಂದಿನ ಸಲ?

ಬಸವನಗುಡಿ_ಬಿಡೂಫ್

ಖಂಡಿತ ಅಕ್ಕ. ಮುಂದಿನ ಸಲ ಬಿದ್ದಾಗ ಡಿಎಸ್ ಬಂದ್ ಮಾಡಬೇಡಿ. ಡಂಜನ್ ಮಧ್ಯೆ ಸೇವ್ ಮಾಡದೆ ಬಂದ್ ಮಾಡಿದರೆ ಆಟ ಅದನ್ನೂ ಸೋಲು ಅಂತಲೇ ಲೆಕ್ಕ ಹಾಕುತ್ತದೆ. ರಕ್ಷಣೆಗೆ ಕಾಯುತ್ತೀರಾ ಅಂತ ಕೇಳಿದಾಗ ಹೌದು ಅನ್ನಿ. ಪಾಸ್‌ವರ್ಡ್ ತೆರೆಯ ಮೇಲೆ ಬಂದಾಗ ಫೋನ್‌ನಲ್ಲಿ ಫೋಟೊ ತೆಗೆದು ಇಲ್ಲಿ ಹಾಕಿ. ಕೈಯಲ್ಲಿ ಬರೆದುಕೊಳ್ಳಲು ಹೋಗಬೇಡಿ, ಒಂದು ಚಿಹ್ನೆ ತಪ್ಪಿದರೂ ನಡೆಯುವುದಿಲ್ಲ. ಸ್ಕೈ ಇರುವವರು ನಾನು, ರಯೋಲು, ಕಾಜಾಣ ಮೂವರಿದ್ದೇವೆ. ರಾತ್ರಿ ಒಂಬತ್ತರ ಮೇಲೆ ನಾನು ಇರುತ್ತೇನೆ, ಬೆಳಿಗ್ಗೆ ಮೆಟ್ರೊ ಹೊತ್ತಿಗೆ ರಯೋಲು. ಯಾವ ಡಂಜನ್, ಎಷ್ಟನೇ ಮಹಡಿ ಅಂತ ಜೊತೆಗೆ ಬರೆಯಿರಿ. ಒಂಬತ್ತನೇ ಮಹಡಿ ಅಂದರೆ ನಮಗೆ ಹತ್ತು ನಿಮಿಷದ ಕೆಲಸ.